ಸೂರ್ಯನ ನೆರೆಯ ಮಂಕು ನಕ್ಷತ್ರಗಳು: ವಿಜಯಪುರ ಸೀಮೆಯಿಂದ ಅಳೆಯಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಂಪು ಕುಬ್ಜ ಎಂದರೆ ಯಾವ ನಕ್ಷತ್ರ?

ಸೂರ್ಯನ ತೂಕದ ಶೇ 8ರಿಂದ ಶೇ 60ರಷ್ಟು ಮಾತ್ರ ಇರುವ, ಮೇಲ್ಮೈ ಉಷ್ಣತೆ ಸುಮಾರು 2,300ರಿಂದ 3,900 ಕೆಲ್ವಿನ್ ಇರುವ ನಕ್ಷತ್ರ. ಖಗೋಳದವರು ಇವನ್ನು 'ಎಂ' ವರ್ಗಕ್ಕೆ ಸೇರಿಸುತ್ತಾರೆ. ನಮ್ಮ ಸುತ್ತಲಿನ ನಕ್ಷತ್ರಗಳಲ್ಲಿ ನಾಲ್ಕಕ್ಕೆ ಸುಮಾರು ಮೂರು ಇದೇ ಜಾತಿಯವು. ತೂಕ ಶೇ 7.5ಕ್ಕಿಂತ ಕೆಳಗಿಳಿದರೆ ಒಡಲಲ್ಲಿ ಹೈಡ್ರೋಜನ್ ಸಮ್ಮಿಲನ ನಿರಂತರವಾಗಿ ನಡೆಯುವುದಿಲ್ಲ. ಅವು ಕಂದು ಕುಬ್ಜಗಳು.

ಸೂರ್ಯನ ತೂಕದ ಶೇ 35ಕ್ಕಿಂತ ಕಡಿಮೆ ಇರುವವುಗಳ ಒಡಲೆಲ್ಲ ಮೇಲಿಂದ ತಳದವರೆಗೆ ಕುದಿದು ಕಲಸುತ್ತಲೇ ಇರುತ್ತದೆ. ಹೀಗಾಗಿ ನಡುವಿನ ಇಂಧನವಷ್ಟೇ ಅಲ್ಲ, ಇದ್ದಬದ್ದ ಹೈಡ್ರೋಜನ್ ಪೂರ್ತಿ ಉರಿಯಲು ಒದಗುತ್ತದೆ. ಸೂರ್ಯನ ಹತ್ತನೇ ಒಂದು ಪಾಲು ತೂಕದ ನಕ್ಷತ್ರ ಲಕ್ಷ ಕೋಟಿ ವರ್ಷಗಳ ಲೆಕ್ಕದಲ್ಲಿ ಬಾಳುತ್ತದೆ. ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ, ಆದ್ದರಿಂದ ಇಂಥ ಯಾವ ನಕ್ಷತ್ರವೂ ಇನ್ನೂ ಮುಪ್ಪು ಕಂಡಿಲ್ಲ.

ಇಷ್ಟು ಹತ್ತಿರವಿದ್ದೂ ಬರಿಗಣ್ಣಿಗೆ ಒಂದೂ ಕಾಣದೇಕೆ?

ಅವು ಚೆಲ್ಲುವ ಬೆಳಕೇ ಕಡಿಮೆ. ಆ ಕಡಿಮೆಯಲ್ಲೂ ಹೆಚ್ಚಿನ ಪಾಲು ಕಣ್ಣಿಗೆ ಕಾಣದ ಅವಕೆಂಪಿನಲ್ಲಿ ಹೋಗುತ್ತದೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, ದೂರ 4.24 ಜ್ಯೋತಿರ್ವರ್ಷ. ಎಲ್ಲ ಬೆಳಕನ್ನೂ ಕೂಡಿಸಿದರೆ ಅದು ಸೂರ್ಯನ ಸುಮಾರು 600ನೇ ಒಂದು ಪಾಲು. ಕಣ್ಣಿಗೆ ಕಾಣುವ ಬೆಳಕನ್ನಷ್ಟೇ ಹಿಡಿದರೆ 18,000ನೇ ಒಂದು ಪಾಲಿಗಿಂತಲೂ ಕಡಿಮೆ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ನೆನಪಿಡಿ. ಮುಂದೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ನಕ್ಷತ್ರದ ಈ ಬಣ್ಣದಿಂದಲೇ ಹುಟ್ಟುತ್ತವೆ.

ಕೆಂಪು ಕುಬ್ಜಗಳಲ್ಲೆಲ್ಲ ಹೆಚ್ಚು ಬೆಳಗಿ ಕಾಣುವ ಲಕಾಯ್ 8760ರ ಕಾಂತಿಮಾನವೇ (ಬೆಳಕಿನ ಅಳತೆ, ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು) 6.7. ಕಗ್ಗತ್ತಲಲ್ಲಿ ಚುರುಕು ಕಣ್ಣಿಗೂ 6ರ ಆಚೆ ಕಷ್ಟ. ಹಾಗಾಗಿ ಬೈನಾಕ್ಯುಲರ್ ಬೇಕು.

ಟೆಲಿಸ್ಕೋಪಿನಲ್ಲಿ ಕೆಂಡದಂತೆ ಕೆಂಪಗೆ ಕಾಣುತ್ತದೆಯೇ?

ಇಲ್ಲ. ಬೆಳಗುವವು ತಿಳಿ ಕಿತ್ತಳೆ, ಮಂಕಾದವು ಬರೀ ಬೂದು ಚುಕ್ಕೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸುವುದಿಲ್ಲ.

ವಿಜಯಪುರ, ಬಾಗಲಕೋಟೆ, ಬೆಳಗಾವಿಯಿಂದ ಯಾವುವು ಸಿಗುತ್ತವೆ?

ಯುರೋಪಿನವರು ಹೊಟ್ಟೆಕಿಚ್ಚು ಪಡುವಷ್ಟು ಸಿಗುತ್ತವೆ. ವಿಜಯಪುರದ ಅಕ್ಷಾಂಶ 16.8° ಉತ್ತರ, ಬೆಳಗಾವಿಯದು 15.9°. ಇಲ್ಲಿಂದ ಉತ್ತರದ ಸಪ್ತರ್ಷಿಯೂ ದಕ್ಷಿಣದ ಕಿನ್ನರವೂ ಕಾಣುತ್ತವೆ. ಕೆಳಗಿನ ಎತ್ತರಗಳು (ದಿಗಂತದಿಂದ ಡಿಗ್ರಿಯಲ್ಲಿ) ವಿಜಯಪುರಕ್ಕೆ ಹಾಕಿದ ಲೆಕ್ಕ. ಬೆಳಗಾವಿಯಲ್ಲಿ ದಕ್ಷಿಣದ ನಕ್ಷತ್ರಗಳು ಒಂದು ಡಿಗ್ರಿ ಮೇಲೆ ಬರುತ್ತವೆ.

ಮೊದಲು ಹಿಡಿಯಬೇಕಾದದ್ದು ಲಲಾಂಡ್ 21185. ಕಾಂತಿಮಾನ 7.5, ದೂರ 8.3 ಜ್ಯೋತಿರ್ವರ್ಷ. ಏಪ್ರಿಲ್ ಸಂಜೆಗಳಲ್ಲಿ ಸಪ್ತರ್ಷಿ ಮಂಡಲದ ದಕ್ಷಿಣ ಅಂಚಿನಲ್ಲಿ 71° ಎತ್ತರಕ್ಕೇರುತ್ತದೆ, 50 ಮಿ.ಮೀ ಬೈನಾಕ್ಯುಲರ್ ಸಾಕು. ಉರಗಧರ ರಾಶಿಯ ಬರ್ನಾರ್ಡ್ ನಕ್ಷತ್ರ (9.5, 5.96 ಜ್ಯೋತಿರ್ವರ್ಷ) 78° ಏರುತ್ತದೆ. ಸಿಂಹದ ಎಡಿ ಲಿಯೋನಿಸ್ (ಸುಮಾರು 9.4, 16 ಜ್ಯೋತಿರ್ವರ್ಷ) ನೆತ್ತಿಯಿಂದ ಬರೀ 3° ಉತ್ತರಕ್ಕೆ ಹಾದುಹೋಗುತ್ತದೆ. ನವೆಂಬರಿನಲ್ಲಿ ತಿಮಿಂಗಿಲ ರಾಶಿಯ ಯುವಿ ಸೇಟಿ 55° ಬರುತ್ತದೆ, ಆದರೆ ಕಾಂತಿಮಾನ 12ರ ಆಚೆ, ಕ್ಯಾಮೆರಾ ಬೇಕು. ಅದೇ ಸಿಂಹದಲ್ಲಿರುವ ವುಲ್ಫ್ 359 ನಮಗೆ 7.9 ಜ್ಯೋತಿರ್ವರ್ಷ ದೂರದಲ್ಲೇ ಇದ್ದರೂ ಕಾಂತಿಮಾನ 13.5. ಲಕಾಯ್ 8760 ದಕ್ಷಿಣದಲ್ಲಿ 34° ಎತ್ತರ, ಅಕ್ಟೋಬರ್ ಸಂಜೆ.

ಪ್ರಾಕ್ಸಿಮಾ ಕಾಣುತ್ತದೆಯೇ?

ಫೋಟೋದಲ್ಲಿ ಸಿಗುತ್ತದೆ, ಅಳತೆಗೆ ಸಿಗುವುದಿಲ್ಲ. ಅದು ಹೆಚ್ಚೆಂದರೆ 10.5° ಏರುತ್ತದೆ. ಮೇ ನಡುವಿನಲ್ಲಿ ರಾತ್ರಿ ಹನ್ನೊಂದೂವರೆಗೆ ನೇರ ದಕ್ಷಿಣದಲ್ಲಿರುತ್ತದೆ. ಅಷ್ಟು ಕೆಳಗೆ ನೋಡುವಾಗ ನೆತ್ತಿಯ ಮೇಲಿರುವುದಕ್ಕಿಂತ ಐದು ಪಟ್ಟಿಗೂ ಹೆಚ್ಚು ಗಾಳಿಯ ಪದರ ಅಡ್ಡ ಬರುತ್ತದೆ, ಜೊತೆಗೆ ಬೇಸಿಗೆಯ ಧೂಳು. 11.1 ಇರುವ ಕಾಂತಿಮಾನ 12.5ರ ಆಚೆಗೆ ಜಾರುತ್ತದೆ, ನಿಮಿಷ ನಿಮಿಷಕ್ಕೂ ಏರಿಳಿಯುತ್ತದೆ. 1915ರಲ್ಲಿ ರಾಬರ್ಟ್ ಇನ್ಸ್ ಇದನ್ನು ಜೋಹಾನ್ಸ್‌ಬರ್ಗ್‌ನಿಂದ ಕಂಡುಹಿಡಿದರು, ಅಲ್ಲಿ ಇದು ಎತ್ತರದಲ್ಲಿ ಬರುತ್ತದೆ. ಒಂದು ಚಿತ್ರ ತೆಗೆದಿಟ್ಟುಕೊಂಡು ಮುಂದಕ್ಕೆ ಹೋಗಿ.

ಏನೇನು ಸಾಮಾನು ಬೇಕು?

ಕಣ್ಣಿಂದ ನೋಡಲು 6 ಇಂಚಿನ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೂರುವ ಕನ್ನಡಿ ಟೆಲಿಸ್ಕೋಪ್) ಸಾಕು. ಅಳೆಯುವುದಕ್ಕೆ 6ರಿಂದ 8 ಇಂಚಿನ ಪ್ರತಿಫಲಕ, ಮೋಟಾರ್ ಇರುವ ಇಕ್ವಟೋರಿಯಲ್ ಮೌಂಟ್ (ಆಕಾಶದ ಜೊತೆಗೇ ತಿರುಗುವ ಪೀಠ), ಒಂದು ಕ್ಯಾಮೆರಾ. ಕಪ್ಪು-ಬಿಳುಪು ಸಿಮಾಸ್ ಕ್ಯಾಮೆರಾ ಇದ್ದರೆ ಒಳ್ಳೆಯದು, ಹಳೆಯ ಡಿಎಸ್‌ಎಲ್‌ಆರ್ ಕೂಡ ನಡೆಯುತ್ತದೆ. ಹಣ ಹಂಚುವಾಗ ಟೆಲಿಸ್ಕೋಪಿಗಿಂತ ಮೌಂಟಿಗೆ ಹೆಚ್ಚು ಹಾಕಿ. 30 ಸೆಕೆಂಡಿನ ಎಕ್ಸ್‌ಪೋಶರ್‌ನಲ್ಲಿ ನಕ್ಷತ್ರ ಗೆರೆಯಾದರೆ ದೊಡ್ಡ ಕನ್ನಡಿಯಿಂದ ಏನೂ ಪ್ರಯೋಜನವಿಲ್ಲ.

ಕ್ಯಾಮೆರಾದ ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಅಗಲ ಎಂಬುದನ್ನು ಕೊಳ್ಳುವ ಮೊದಲೇ ಲೆಕ್ಕ ಹಾಕಿ: ಪಿಕ್ಸೆಲ್ ಅಳತೆಯನ್ನು ಮೈಕ್ರಾನಿನಲ್ಲಿ ತೆಗೆದುಕೊಂಡು 206.3ರಿಂದ ಗುಣಿಸಿ, ಮಿ.ಮೀ.ನಲ್ಲಿರುವ ಫೋಕಲ್ ದೂರದಿಂದ ಭಾಗಿಸಿ. 1,000 ಮಿ.ಮೀ ಫೋಕಲ್ ದೂರ, 3.76 ಮೈಕ್ರಾನ್ ಪಿಕ್ಸೆಲ್ ಆದರೆ 0.78 ಆರ್ಕ್‌ಸೆಕೆಂಡ್. ಡಿಗ್ರಿಯ 60ನೇ ಒಂದು ಪಾಲು ಆರ್ಕ್‌ಮಿನಿಟ್, ಅದರ 60ನೇ ಒಂದು ಪಾಲು ಆರ್ಕ್‌ಸೆಕೆಂಡ್. ಈ ಕೆಲಸಕ್ಕೆ 0.78 ಹದವಾದ ಅಳತೆ.

ಇಲ್ಲಿಯ ಅಕ್ಷಾಂಶಕ್ಕೆ ಅಂಟಿಕೊಂಡ ಒಂದು ಕಿರಿಕಿರಿಯಿದೆ. ಧ್ರುವ ನಕ್ಷತ್ರ ಬರೀ 17° ಎತ್ತರದಲ್ಲಿರುತ್ತದೆ, ಊರೊಳಗೆ ಪಕ್ಕದ ಮನೆಯ ನೀರಿನ ಟಾಕಿಯೇ ಅದನ್ನು ಮುಚ್ಚುತ್ತದೆ. ಕೆಲವು ಮೌಂಟ್‌ಗಳನ್ನು ಅಷ್ಟು ಕೆಳಗೆ ಬಾಗಿಸಿದರೆ ತೂಕದ ದಂಡ ಮುಂಗಾಲಿಗೆ ಬಡಿಯುತ್ತದೆ. ಕೊಳ್ಳುವಾಗ ಅಂಗಡಿಯಲ್ಲೇ 16°ಗೆ ಇಳಿಸಿ, ದಂಡವನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿ. ಧ್ರುವ ಕಾಣದ ಜಾಗದಲ್ಲಿ ಡ್ರಿಫ್ಟ್ ವಿಧಾನದಿಂದ ಜೋಡಿಸಿ: ಖಗೋಳ ವಿಷುವದ್ರೇಖೆಯ (ಭೂಮಧ್ಯರೇಖೆಗೆ ನೇರ ಮೇಲಿನ ಆಕಾಶದ ಗೆರೆ) ಬಳಿ, ನೇರ ದಕ್ಷಿಣದಲ್ಲಿರುವ ಒಂದು ನಕ್ಷತ್ರವನ್ನು ಐದು ನಿಮಿಷ ನೋಡಿ. ಅದು ಉತ್ತರಕ್ಕೋ ದಕ್ಷಿಣಕ್ಕೋ ಸರಿದರೆ ಮೌಂಟಿನ ಪೂರ್ವ-ಪಶ್ಚಿಮ ದಿಕ್ಕು ತಪ್ಪಿದೆ ಎಂದರ್ಥ. ಆಮೇಲೆ ಪೂರ್ವ ದಿಗಂತದ ಕಡೆಯ ನಕ್ಷತ್ರದಿಂದ ಎತ್ತರ ಸರಿಪಡಿಸಿ.

ಎಲ್ಲಿ, ಯಾವಾಗ ನಿಲ್ಲಿಸಬೇಕು?

ನವೆಂಬರ್ ನಡುವಿನಿಂದ ಮೇ ಮೊದಲ ವಾರದವರೆಗೆ. ಜೂನ್‌ನಿಂದ ಸೆಪ್ಟೆಂಬರ್ ಮೋಡ. ವಿಜಯಪುರದಲ್ಲಿ ಮಳೆ ಕಡಿಮೆಯಾದರೂ ಮೋಡಕ್ಕೆ ಬರವಿಲ್ಲ, ಗಾಳಿಯಂತೂ ಟ್ಯೂಬನ್ನೇ ಅಲುಗಿಸುತ್ತದೆ. ಪಂಚಾಂಗ ನೋಡುವವರಿಗೆ ದಾರಿ ಸುಲಭ: ಎಳ್ಳಮಾಸಿ, ಶಿವರಾತ್ರಿ, ಯುಗಾದಿ ಅಮಾವಾಸ್ಯೆ, ಈ ಮೂರರ ಆಸುಪಾಸಿನ ರಾತ್ರಿಗಳು ನಮ್ಮ ಸೀಮೆಯ ಒಳ್ಳೆಯ ಕತ್ತಲು. ಎಳ್ಳಮಾಸಿಗೆ ಹೇಗೂ ಹೊಲಕ್ಕೆ ಹೋಗಿರುತ್ತೀರಿ.

ಎರಿ ಹೊಲದಲ್ಲಿ ಟ್ರೈಪಾಡ್ ಇಟ್ಟರೆ ಒಂದು ಗಂಟೆಯಲ್ಲಿ ಕಾಲು ಇಳಿದು ಜೋಡಣೆ ತಪ್ಪುತ್ತದೆ, ಬೇಸಿಗೆಯಲ್ಲಿ ಬಿರುಕಿನಂಚು ಕುಸಿಯುತ್ತದೆ. ಒಂದೊಂದು ಕಾಲಿನ ಕೆಳಗೂ ಒಂದಡಿ ಅಗಲದ ಫರಸಿ ಕಲ್ಲು ಹಾಕಿ. ಮನೆಯ ಆರ್‌ಸಿಸಿ ಮಾಳಿಗೆಯ ಮೇಲೆ ಏಪ್ರಿಲ್‌ನಲ್ಲಿ ನಡುರಾತ್ರಿಯವರೆಗೂ ಕಾವು ಏಳುತ್ತಿರುತ್ತದೆ, ನಕ್ಷತ್ರ ಕುದಿಯುವ ನೀರಿನೊಳಗಿದ್ದಂತೆ ಕಾಣುತ್ತದೆ. ಸಂಜೆ ನೀರು ಹೊಡೆದರೆ ಸ್ವಲ್ಪ ತಗ್ಗುತ್ತದೆ. ಮುಧೋಳ, ಜಮಖಂಡಿ, ಬೆಳಗಾವಿ ಕಡೆ ಕಬ್ಬು ನುರಿಸುವ ತಿಂಗಳುಗಳಲ್ಲಿ ಕಾರ್ಖಾನೆಯ ಹೊಗೆ, ರವದಿ ಸುಡುವ ಹೊಗೆ ಗಾಳಿಯ ದಿಕ್ಕಿನಲ್ಲಿ ತೆಳುವಾಗಿ ಹರಡುತ್ತದೆ. ಕಣ್ಣಿಗೆ ಅದು ಗೊತ್ತಾಗದು, ಬೆಳಕಿನ ಅಳತೆಯಲ್ಲಿ ಎದ್ದು ಕಾಣುತ್ತದೆ. ಜೋಳದ ರಾಶಿ ನಡೆಯುವ ಹೊಲದ ಪಕ್ಕ ಕನ್ನಡಿ ತೆರೆದಿಡಬೇಡಿ. ಕರೆಂಟ್ ನಂಬಬೇಡಿ, 12 ವೋಲ್ಟಿನ ಬ್ಯಾಟರಿ ಒಯ್ಯಿರಿ.

ಮೊದಲ ಕೆಲಸವಾಗಿ ಏನು ಮಾಡುವುದು?

ಬರ್ನಾರ್ಡ್ ನಕ್ಷತ್ರ ಸರಿಯುವುದನ್ನು ಅಳೆಯಿರಿ. 1916ರಲ್ಲಿ ಇ. ಇ. ಬರ್ನಾರ್ಡ್ ಗುರುತಿಸಿದ ಹಾಗೆ, ಆಕಾಶದಲ್ಲಿ ಇದರಷ್ಟು ಬೇಗ ಸ್ಥಾನ ಬದಲಿಸುವ ನಕ್ಷತ್ರ ಬೇರೊಂದಿಲ್ಲ. ವರ್ಷಕ್ಕೆ ಸುಮಾರು 10.4 ಆರ್ಕ್‌ಸೆಕೆಂಡ್, ಹೆಚ್ಚುಕಡಿಮೆ ನೇರ ಉತ್ತರಕ್ಕೆ. ಮೇಲಿನ ಲೆಕ್ಕದ ಕ್ಯಾಮೆರಾದಲ್ಲಿ ಅದು ವರ್ಷಕ್ಕೆ 13 ಪಿಕ್ಸೆಲ್. 180 ವರ್ಷಕ್ಕೆ ಒಂದು ಪೂರ್ಣಚಂದ್ರನಷ್ಟು ದೂರ.

ಹುಡುಕುವ ಬಗೆ ಹೀಗೆ. ಉರಗಧರದ ಪೂರ್ವ ತುದಿಯಲ್ಲಿ ಬರಿಗಣ್ಣಿಗೆ ಮಸುಕಾಗಿ ಕಾಣುವ 66 ಓಫಿಯುಕಿಯನ್ನು ಹಿಡಿಯಿರಿ, ಅಲ್ಲಿಂದ ವಾಯವ್ಯಕ್ಕೆ ಮುಕ್ಕಾಲು ಡಿಗ್ರಿ. ಇಲ್ಲಿ ಬಹಳ ಜನ ಎಡವುತ್ತಾರೆ: ಪುಸ್ತಕದಲ್ಲಿ, ಕೆಲವು ಆ್ಯಪ್‌ಗಳಲ್ಲಿ ಕೊಟ್ಟಿರುವುದು 2000ನೇ ಇಸವಿಯ ಸ್ಥಾನ, ಡೆಕ್ಲಿನೇಷನ್ (ಖಗೋಳ ವಿಷುವದ್ರೇಖೆಯಿಂದ ಉತ್ತರಕ್ಕಿರುವ ಕೋನ) +4° 41.6′. ಅದೇ ನಿರ್ದೇಶಾಂಕ ಜಾಲದಲ್ಲಿ 2026ರ ಏಪ್ರಿಲ್‌ಗೆ ನಕ್ಷತ್ರ +4° 46′ ತಲುಪಿರುತ್ತದೆ. ನಾಲ್ಕೂವರೆ ಆರ್ಕ್‌ಮಿನಿಟ್ ಕೆಳಗಿರುವ ಯಾವುದೋ ಪಾಪದ ನಕ್ಷತ್ರವನ್ನು ಅಳೆದು ‘ಸರಿಯಲೇ ಇಲ್ಲ’ ಎನ್ನುವವರಿದ್ದಾರೆ.

ಏಪ್ರಿಲ್ ನಡುವಿನಲ್ಲಿ ಅದು ಬೆಳಗಿನ ಜಾವ 4.50ರ ಸುಮಾರಿಗೆ ದಕ್ಷಿಣೋತ್ತರ ರೇಖೆ ದಾಟುತ್ತದೆ. 3.45ರಿಂದ 4.45ರ ನಡುವೆ 30 ಸೆಕೆಂಡಿನ 20 ಚಿತ್ರ ತೆಗೆಯಿರಿ. ನಕ್ಷತ್ರದ ನಡುವಿನ ಪಿಕ್ಸೆಲ್ ತುಂಬಿ ತುಳುಕಬಾರದು. 14 ಬಿಟ್ ಕ್ಯಾಮೆರಾದಲ್ಲಿ ಗರಿಷ್ಠ 16,383, ನೀವು 11,000ದ ಒಳಗಿರಿ. ಚಿತ್ರಗಳನ್ನು ಆಸ್ಟ್ರೋಮೆಟ್ರಿ ಡಾಟ್ ನೆಟ್ ಅಥವಾ ಸಿರಿಲ್‌ನಿಂದ ಪ್ಲೇಟ್‌ಸಾಲ್ವ್ ಮಾಡಿ (ಚಿತ್ರದ ನಕ್ಷತ್ರಗಳನ್ನು ಪಟ್ಟಿಗೆ ಹೊಂದಿಸಿ ಆಕಾಶದ ಸ್ಥಾನ ಕಂಡುಕೊಳ್ಳಿ), ಒಂದೊಂದರಲ್ಲೂ ನಕ್ಷತ್ರದ ಕೇಂದ್ರ ಅಳೆದು ನಡುಬೆಲೆ ತೆಗೆದುಕೊಳ್ಳಿ. ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ ಒಂದೇ ಸಲ ಅಳೆಯಬೇಡಿ. 20 ಬೇರೆ ಬೇರೆ ಅಳತೆ ಇದ್ದರೆ ನಿಮ್ಮ ತಪ್ಪಿನ ಗಾತ್ರವೂ ತಾನಾಗಿ ಸಿಗುತ್ತದೆ. 0.1 ಆರ್ಕ್‌ಸೆಕೆಂಡಿನ ನಿಖರತೆ ಬಂದರೆ ಒಂದು ವರ್ಷದಲ್ಲಿ ವೇಗವನ್ನು ಶೇ 1–2ರ ಒಳಗೆ ಹೇಳಬಹುದು.

ಬಿ.ಎಸ್ಸಿ ಪ್ರಾಜೆಕ್ಟಿಗೆ ಒಂದೇ ಸೆಮಿಸ್ಟರ್ ಇದೆ, ಒಂದು ವರ್ಷ ಕಾಯಲು ಆಗದು.

ಹಳೆಯ ಫಲಕ ಬಳಸಿ. 1950ರ ದಶಕದ ಪಾಲೊಮಾರ್ ಸರ್ವೇಯ ಸ್ಕ್ಯಾನ್ ಅಲಾದಿನ್ ತಂತ್ರಾಂಶದಲ್ಲಿ ಪುಕ್ಕಟೆ ಸಿಗುತ್ತದೆ. ಫಲಕ ತೆಗೆದ ದಿನಾಂಕ ಕಡತದ ತಲೆಬರಹದಲ್ಲಿರುತ್ತದೆ, ಅಂದಾಜು ಹಾಕಬೇಡಿ. ನಿಮ್ಮ ಒಂದು ರಾತ್ರಿಯ ಚಿತ್ರವನ್ನು ಅದರೊಂದಿಗೆ ಹೋಲಿಸಿ. 70 ವರ್ಷಕ್ಕೆ ನಕ್ಷತ್ರ 12 ಆರ್ಕ್‌ಮಿನಿಟ್ ಸರಿದಿರುತ್ತದೆ. ಹಳೆಯ ಫಲಕದ ಅಳತೆಯಲ್ಲಿ ಒಂದು ಆರ್ಕ್‌ಸೆಕೆಂಡ್ ತಪ್ಪಿದರೂ ವರ್ಷಕ್ಕೆ ಹಂಚಿದಾಗ 0.014 ಮಾತ್ರ.

ಪ್ರತಿವರ್ಷ ಅದೇ ದಿನಾಂಕಕ್ಕೆ ತೆಗೆಯಬೇಕು ಎನ್ನುವುದೇಕೆ?

ಪ್ಯಾರಲಾಕ್ಸ್ ಕಾರಣ. ಭೂಮಿ ಸೂರ್ಯನ ಸುತ್ತ ಆಚೀಚೆ ಹೋಗುವುದರಿಂದ ಹತ್ತಿರದ ನಕ್ಷತ್ರವೂ ಆಚೀಚೆ ತೂಗಿದಂತೆ ಕಾಣುತ್ತದೆ. ಬರ್ನಾರ್ಡ್‌ಗೆ ಈ ತೂಗು ಒಟ್ಟು 1.09 ಆರ್ಕ್‌ಸೆಕೆಂಡ್, ಅಂದರೆ ನಿಮ್ಮ ಕ್ಯಾಮೆರಾದಲ್ಲಿ ಒಂದೂವರೆ ಪಿಕ್ಸೆಲ್‌ಗೆ ತುಸು ಕಡಿಮೆ. ಅದೇ ದಿನಾಂಕಕ್ಕೆ ತೆಗೆದರೆ ಭೂಮಿಯೂ ಅದೇ ಜಾಗದಲ್ಲಿರುವುದರಿಂದ ಈ ತೂಗು ಕಳೆದುಹೋಗಿ ನಕ್ಷತ್ರದ ಸ್ವಂತ ಚಲನೆಯಷ್ಟೇ ಉಳಿಯುತ್ತದೆ.

ಹಾಗಾದರೆ ಪ್ಯಾರಲಾಕ್ಸನ್ನೇ ಅಳೆದು ದೂರ ಕಂಡುಹಿಡಿಯಬಹುದೇ?

8 ಇಂಚಿನಲ್ಲಿ ಆಗುವ ಕೆಲಸವೇ. ಆದರೆ ಎರಡು ವರ್ಷದ ತಾಳ್ಮೆ ಬೇಕು. ಬರ್ನಾರ್ಡ್‌ನ ತೂಗು ಪೂರ್ವ-ಪಶ್ಚಿಮವಾಗಿ ಎರಡು ತುದಿ ಮುಟ್ಟುವುದು ಮಾರ್ಚ್ 20 ಮತ್ತು ಸೆಪ್ಟೆಂಬರ್ 22ರ ಸುಮಾರಿಗೆ. ಇದು ನಮಗೆ ಅನುಕೂಲ: ಸ್ವಂತ ಚಲನೆ ಉತ್ತರಕ್ಕೆ, ತೂಗು ಮುಖ್ಯವಾಗಿ ಪೂರ್ವ-ಪಶ್ಚಿಮಕ್ಕೆ, ಒಂದರೊಳಗೊಂದು ಬೆರೆಯುವುದು ಕಡಿಮೆ. ಮಾರ್ಚ್‌ನಲ್ಲಿ ಬೆಳಗಿನ ಜಾವ ಎತ್ತರದಲ್ಲಿರುತ್ತದೆ. ಸೆಪ್ಟೆಂಬರಿನಲ್ಲಿ ಮುಸ್ಸಂಜೆಯಾದ ಕೂಡಲೇ ತೆಗೆಯಬೇಕು, ಮೋಡ ಬಿಡದಿದ್ದರೆ ಅಕ್ಟೋಬರ್ ಮೊದಲ ವಾರವೂ ಆಗುತ್ತದೆ.

ಇಲ್ಲಿ ಬಣ್ಣದ ಪೆಟ್ಟು ಬೀಳುತ್ತದೆ. ಗಾಳಿ ಬೆಳಕನ್ನು ಬಾಗಿಸುವಾಗ ನೀಲಿಯನ್ನು ಹೆಚ್ಚು, ಕೆಂಪನ್ನು ಕಡಿಮೆ ಬಾಗಿಸುತ್ತದೆ. 45° ಎತ್ತರದಲ್ಲಿ ನೀಲಿ ಮತ್ತು ಕೆಂಪು ಬೆಳಕಿನ ಬಿಂಬಗಳ ನಡುವೆ ಹೆಚ್ಚುಕಡಿಮೆ ಒಂದು ಆರ್ಕ್‌ಸೆಕೆಂಡ್ ಅಂತರ. ನೀವು ಅಳೆಯಬೇಕಾದದ್ದೂ ಅಷ್ಟೇ! ಫಿಲ್ಟರ್ ಇಲ್ಲದೆ ತೆಗೆದರೆ ಕೆಂಪು ಬರ್ನಾರ್ಡ್ ಒಂದು ಕಡೆ, ಅದನ್ನು ಅಳೆಯಲು ಆಧಾರವಾದ ಬಿಳಿ-ಹಳದಿ ನಕ್ಷತ್ರಗಳು ಇನ್ನೊಂದು ಕಡೆ ಜರುಗುತ್ತವೆ. ಅದೂ ಮಾರ್ಚ್‌ನಲ್ಲಿ ಪೂರ್ವದ ಆಕಾಶ, ಸೆಪ್ಟೆಂಬರಿನಲ್ಲಿ ಪಶ್ಚಿಮದ ಆಕಾಶ. ಈ ಜರುಗು ಥೇಟ್ ಪ್ಯಾರಲಾಕ್ಸಿನ ವೇಷ ಹಾಕಿಕೊಂಡು ಬರುತ್ತದೆ. ಇದಕ್ಕೆ ಎರಡು ಉಪಾಯ: ಆರ್ (ಕೆಂಪು) ಅಥವಾ ಐ (ಅವಕೆಂಪು) ಫಿಲ್ಟರ್ ಬಿಟ್ಟು ಬೇರೆ ಹಾಕಬೇಡಿ, ನಕ್ಷತ್ರ ದಕ್ಷಿಣೋತ್ತರ ರೇಖೆಯಿಂದ ಒಂದು ಗಂಟೆಗಿಂತ ದೂರವಿದ್ದಾಗ ಆದಷ್ಟು ತೆಗೆಯಬೇಡಿ. ಸೆಪ್ಟೆಂಬರಿನಲ್ಲಿ ಎರಡನೆಯದಕ್ಕೆ ಮುಸ್ಸಂಜೆಯೇ ಅಡ್ಡಿ, ಆಗ ಮೊದಲನೆಯದನ್ನು ಬಿಗಿಯಾಗಿ ಪಾಲಿಸಿ.

ಇನ್ನೊಂದು ಮಾತು: ಎರಡು ವರ್ಷದ ನಡುವೆ ಕ್ಯಾಮೆರಾ ಬಿಚ್ಚಿ ಬೇರೆ ಕೋನದಲ್ಲಿ ಜೋಡಿಸಬೇಡಿ, ಕನ್ನಡಿಯನ್ನು ತೊಳೆಯಲು ಕಳಚಬೇಡಿ. ಅಮೆರಿಕದ ಸ್ಪ್ರೌಲ್ ವೀಕ್ಷಣಾಲಯದ ಪೀಟರ್ ವಾನ್ ಡಿ ಕಾಂಪ್ 1963ರಲ್ಲಿ ಬರ್ನಾರ್ಡ್‌ಗೆ ಗುರುವಿನಂಥ ಗ್ರಹ ಇದೆ ಎಂದು ಸಾರಿದ್ದರು. 1973ರಲ್ಲಿ ಬೇರೆಯವರ ಅಳತೆಯಲ್ಲಿ ಅದು ಸಿಗಲಿಲ್ಲ. ಅವರು ಕಂಡ ಓಲಾಟ ಟೆಲಿಸ್ಕೋಪಿನ ಲೆನ್ಸನ್ನು ಸರಿಪಡಿಸಿದ ಕಾಲಗಳಿಗೆ ತಾಳೆಯಾಗುತ್ತಿತ್ತು. ಬರ್ನಾರ್ಡ್‌ಗೆ ಗ್ರಹಗಳಿರುವುದು ನಿಜವೇ. 2024ರಲ್ಲಿ ಮೊದಲನೆಯದು, 2025ರಲ್ಲಿ ಒಟ್ಟು ನಾಲ್ಕು ಎಂದು ಖಚಿತವಾಯಿತು. ಆದರೆ ಅವೆಲ್ಲ ಭೂಮಿಗಿಂತ ಹಗುರ, ಅವುಗಳ ಎಳೆತ ಇಂಥ ಚಿತ್ರದಲ್ಲಿ ಕಾಣುವಷ್ಟಿಲ್ಲ.

ಇವು ಇದ್ದಕ್ಕಿದ್ದಂತೆ ಭುಗಿಲೇಳುತ್ತವಂತೆ, ನಾವೂ ನೋಡಬಹುದೇ?

ನೋಡಬಹುದು. ಇದಕ್ಕೆ ಎಡಿ ಲಿಯೋನಿಸ್ ನಮ್ಮ ಊರಿಗೆ ಹೇಳಿ ಮಾಡಿಸಿದ ನಕ್ಷತ್ರ. 2.2 ದಿನಕ್ಕೊಮ್ಮೆ ತನ್ನ ಸುತ್ತ ತಿರುಗುತ್ತದೆ. ಬೇಗ ತಿರುಗುವ, ಒಳಗೆ ಆಳದವರೆಗೆ ಕುದಿಯುವ ನಕ್ಷತ್ರದ ಕಾಂತಕ್ಷೇತ್ರ ಬಲವಾಗಿರುತ್ತದೆ. ಅದರ ಗಂಟು ಹರಿದಾಗ ಜ್ವಾಲೆ ಏಳುತ್ತದೆ.

ಸಿಂಹದ ಕುಡುಗೋಲಿನಲ್ಲಿರುವ ಅಲ್ಜೀಬಾವನ್ನು ನಡುವೆ ಹಿಡಿದರೆ ಎಡಿ ಲಿಯೋನಿಸ್ ಅದಕ್ಕೆ ಬರೀ 5 ಆರ್ಕ್‌ಮಿನಿಟ್ ಪಶ್ಚಿಮದಲ್ಲಿದೆ. ಹುಡುಕಲು ಇದು ವರ, ಅಳೆಯಲು ಶಾಪ. 2ನೇ ಕಾಂತಿಮಾನದ ಅಲ್ಜೀಬಾದ ಝಗಮಗ ಪಕ್ಕದ ಹಿನ್ನೆಲೆಯನ್ನೆಲ್ಲ ಕೆಡಿಸುತ್ತದೆ. ಆದ್ದರಿಂದ ಟೆಲಿಸ್ಕೋಪನ್ನು ಪಶ್ಚಿಮಕ್ಕೆ ಸರಿಸಿ ಅಲ್ಜೀಬಾವನ್ನು ಚೌಕಟ್ಟಿನಿಂದ ಹೊರಗಿಡಿ. ಹೋಲಿಕೆಯ ನಕ್ಷತ್ರಗಳನ್ನೂ (ಬೆಳಕು ಬದಲಾಗದ, ಅಳತೆಗೆ ಆಧಾರವಾದವು) ಆ ಕಡೆಯಿಂದಲೇ ಆರಿಸಿ.

ಬಿ (ನೀಲಿ) ಫಿಲ್ಟರ್ ಹಾಕಿ, 20 ಸೆಕೆಂಡಿನ ಎಕ್ಸ್‌ಪೋಶರ್, ನಡುವೆ ಬಿಡುವು ಆದಷ್ಟು ಕಡಿಮೆ. ನಕ್ಷತ್ರದ ಮೈ 3,000 ಕೆಲ್ವಿನ್‌ಗೆ ತುಸು ಮೇಲೆ, ಜ್ವಾಲೆ ಸುಮಾರು 10,000 ಕೆಲ್ವಿನ್. ಅದಕ್ಕೇ ಜ್ವಾಲೆ ನೀಲಿಯಲ್ಲಿ ಎದ್ದು ಕಾಣುತ್ತದೆ, ಕೆಂಪಿನಲ್ಲಿ ನಕ್ಷತ್ರದ ಸ್ವಂತ ಬೆಳಕಿನಲ್ಲಿ ಮುಳುಗುತ್ತದೆ. ಡಿಎಸ್‌ಎಲ್‌ಆರ್ ಆದರೆ ನೀಲಿ ಚಾನೆಲ್ ಬಳಸಿ. ಫೋಕಸ್ಸನ್ನು ತುಸು ಸಡಿಲಿಸಿ ನಕ್ಷತ್ರವನ್ನು ಏಳೆಂಟು ಪಿಕ್ಸೆಲ್ ಅಗಲ ಮಾಡಿ (ಸ್ಥಾನ ಅಳೆಯುವಾಗ ಮಾತ್ರ ಹೀಗೆ ಮಾಡಬಾರದು).

ಮಾರ್ಚ್ ನಡುವಿನಲ್ಲಿ ರಾತ್ರಿ 11.20ರ ಸುಮಾರಿಗೆ ಅದು ನೆತ್ತಿ ದಾಟುತ್ತದೆ. ಆಗ ಮೌಂಟನ್ನು ಮಗುಚಿ ಟೆಲಿಸ್ಕೋಪನ್ನು ಇನ್ನೊಂದು ಬದಿಗೆ ತರಬೇಕು. ಮಗುಚಿದ ಮೇಲೆ ನಕ್ಷತ್ರ ಸೆನ್ಸರಿನ ಬೇರೆ ಮೂಲೆಗೆ ಬೀಳುವುದರಿಂದ ಬೆಳಕಿನ ಗೆರೆಯಲ್ಲಿ ಒಂದು ಮೆಟ್ಟಿಲು ಕಾಣಿಸುತ್ತದೆ. ಫ್ಲ್ಯಾಟ್ ಚಿತ್ರಗಳು (ಸೆನ್ಸರಿನ ಮೂಲೆಮೂಲೆಯ ಬೆಳಕಿನ ಏರುಪೇರು ಸರಿಪಡಿಸಲು ಸಮ ಬೆಳಕಿನಲ್ಲಿ ತೆಗೆಯುವವು) ಚೆನ್ನಾಗಿದ್ದರೆ ಮೆಟ್ಟಿಲು ಸಣ್ಣದಾಗುತ್ತದೆ. ಬಿಳಿ ಧೋತರವನ್ನು ಎರಡು ಮಡಿಕೆ ಮಾಡಿ, ಸುಕ್ಕಿಲ್ಲದಂತೆ ಟ್ಯೂಬಿನ ಬಾಯಿಗೆ ಬಿಗಿದು, ಮುಸ್ಸಂಜೆಯ ಆಕಾಶಕ್ಕೆ ತೋರಿಸಿ 20–30 ಫ್ಲ್ಯಾಟ್ ತೆಗೆಯಿರಿ. ಡಾರ್ಕ್ ಚಿತ್ರಗಳನ್ನು (ಸೆನ್ಸರಿನ ಗದ್ದಲ ಕಳೆಯಲು ಮುಚ್ಚಳ ಹಾಕಿ ತೆಗೆಯುವವು) ಕೆಲಸ ಮುಗಿದ ಕೂಡಲೇ, ಕ್ಯಾಮೆರಾದ ಕಾವು ಆರುವ ಮೊದಲೇ ತೆಗೆಯಿರಿ. ಸೆನ್ಸರಿನ ಕಾವು ಸುಮಾರು 6 ಡಿಗ್ರಿ ಏರಿದರೆ ಅದರ ಗದ್ದಲ ಇಮ್ಮಡಿ. ಡಿಸೆಂಬರಿನ ಡಾರ್ಕ್ ಏಪ್ರಿಲ್‌ಗೆ ಬಾರದು.

ಎಷ್ಟೋ ರಾತ್ರಿ ಏನೂ ಆಗುವುದಿಲ್ಲ. ಆ ರಾತ್ರಿಗಳ ದಾಖಲೆಯನ್ನೂ ಇಡಿ. ‘ನಾಲ್ಕು ಗಂಟೆ ನೋಡಿದೆ, ಜ್ವಾಲೆ ಇಲ್ಲ’ ಎಂಬುದು ಇಲ್ಲದಿದ್ದರೆ ಎಷ್ಟು ಹೊತ್ತಿಗೊಂದು ಜ್ವಾಲೆ ಏಳುತ್ತದೆ ಎಂದು ಲೆಕ್ಕ ಹಾಕುವುದು ಯಾವುದರ ಮೇಲೆ?

ಕಂಡದ್ದು ನಿಜವಾದ ಜ್ವಾಲೆಯೇ ಎಂದು ತಿಳಿಯುವುದು ಹೇಗೆ?

ಆಕಾರ ನೋಡಿ. ನಿಜವಾದ ಜ್ವಾಲೆ ನಿಮಿಷದೊಳಗೆ ಚಕ್ಕನೆ ಏರಿ, ನಿಧಾನವಾಗಿ, ಕೆಲವೊಮ್ಮೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಇಳಿಯುತ್ತದೆ. ಒಂದೇ ಒಂದು ಚಿತ್ರದಲ್ಲಿ ಹೆಚ್ಚಾಗಿ ಮುಂದಿನದರಲ್ಲಿ ಮೊದಲಿನಂತಾದರೆ ಅದು ಉಪಗ್ರಹದ ಗೆರೆ, ಕಾಸ್ಮಿಕ್ ಕಿರಣ, ಇಲ್ಲವೇ ಬಿಸಿ ಪಿಕ್ಸೆಲ್. ಮೂಲ ಚಿತ್ರ ತೆರೆದರೆ ಗೊತ್ತಾಗುತ್ತದೆ. ಎರಡೂ ಕಡೆ ಸಮನಾಗಿ ಏರಿಳಿದರೆ ತೆಳು ಮೋಡ ಅಥವಾ ಹೊಗೆ ಹಾದುಹೋಗಿದೆ. ಆಗ ಹೋಲಿಕೆಯ ನಕ್ಷತ್ರಗಳ ಒಟ್ಟು ಬೆಳಕೂ ಅಲುಗಿರುತ್ತದೆ. ಹೊಲದ ರಸ್ತೆಯಲ್ಲಿ ಟ್ರ್ಯಾಕ್ಟರ್ ದೀಪ ಬಂದರೆ ಹಿನ್ನೆಲೆಯೇ ಜಿಗಿಯುತ್ತದೆ. ಹೋಲಿಕೆಗೆ ಒಂದಲ್ಲ, ಕನಿಷ್ಠ ನಾಲ್ಕು ನಕ್ಷತ್ರ ಇಟ್ಟುಕೊಳ್ಳಿ. ಇನ್ನೊಂದನ್ನು ‘ಪರೀಕ್ಷಾ ನಕ್ಷತ್ರ’ವಾಗಿ ಬೇರೆ ಇಡಿ. ಅದೂ ಅದೇ ಹೊತ್ತಿಗೆ ಏರಿದ್ದರೆ ನಿಮ್ಮ ಜ್ವಾಲೆ ಸುಳ್ಳು.

ರಾತ್ರಿಯಿಡೀ ನಕ್ಷತ್ರ ನಿಧಾನಕ್ಕೆ ಬೆಳಗುತ್ತಾ ಹೋದಂತೆ ಕಾಣುತ್ತದೆ. ಇದೇನು?

ಮತ್ತೆ ಬಣ್ಣ. ನಕ್ಷತ್ರ ಕೆಳಗಿಳಿದಂತೆ ಗಾಳಿ ನೀಲಿ ಬೆಳಕನ್ನು ಹೆಚ್ಚು ನುಂಗುತ್ತದೆ. ಹೋಲಿಕೆಗೆ ಹಿಡಿದ ನಕ್ಷತ್ರಗಳು ನೀಲಿಯತ್ತ ಇದ್ದರೆ ಅವು ಬೇಗ ಮಂಕಾಗುತ್ತವೆ, ಕೆಂಪು ಕುಬ್ಜ ಅಷ್ಟು ಮಂಕಾಗುವುದಿಲ್ಲ. ವ್ಯತ್ಯಾಸ ತೆಗೆದಾಗ ಕುಬ್ಜವೇ ಬೆಳಗಿದಂತೆ ತೋರುತ್ತದೆ. ಪರೀಕ್ಷೆ ಸುಲಭ: ಅಳತೆಯನ್ನು ಗಂಟೆಯ ಬದಲು ಗಾಳಿಯ ದಪ್ಪದ ಎದುರು ಗೆರೆ ಹಾಕಿ. ನೆತ್ತಿಯ ಎರಡೂ ಬದಿಯ ಬಿಂದುಗಳು ಒಂದೇ ಗೆರೆಯ ಮೇಲೆ ಕೂತರೆ ಅದು ಗಾಳಿಯ ಆಟ. 30°ಗಿಂತ ಕೆಳಗಿನ ಅಳತೆಯನ್ನು ಬಿಟ್ಟುಬಿಡಿ. ಹೋಲಿಕೆಗೆ ಕಿತ್ತಳೆ ಬಣ್ಣದವನ್ನೇ ಹುಡುಕಿ, ಆದರೆ ತೀರಾ ಕೆಂಪಾದವು ಬೇಡ. ದೂರದ ಕೆಂಪು ದೈತ್ಯಗಳು ಸ್ವತಃ ಮಿಡಿಯುತ್ತಿರುತ್ತವೆ.

ರೋಹಿತ ತೆಗೆಯಬಹುದೇ?

ಮಿ.ಮೀ.ಗೆ 100 ಗೆರೆಯ, ಬೆಳಕನ್ನು ಬಣ್ಣಗಳಾಗಿ (ರೋಹಿತವಾಗಿ) ಬಿಡಿಸುವ ಗ್ರೇಟಿಂಗನ್ನು ಸೆನ್ಸರಿನ ಮುಂದೆ 60 ಮಿ.ಮೀ ದೂರದಲ್ಲಿ ಇಟ್ಟರೆ ಪಿಕ್ಸೆಲ್‌ಗೆ ಸುಮಾರು 6.3 ಆಂಗ್‌ಸ್ಟ್ರಾಮ್ (ಬೆಳಕಿನ ತರಂಗದೂರದ ಅಳತೆ) ಸಿಗುತ್ತದೆ. ಕೆಂಪು ಕುಬ್ಜದ ಗುರುತಾದ ಟೈಟಾನಿಯಂ ಆಕ್ಸೈಡಿನ ಪಟ್ಟಿಗಳಿಗೆ ಅಷ್ಟು ಸಾಕು: 4,955, 5,448, 6,159, 7,054 ಆಂಗ್‌ಸ್ಟ್ರಾಮ್ ಬಳಿ ರೋಹಿತ ಗರಗಸದ ಹಲ್ಲಿನಂತೆ ಕಡಿದಿರುತ್ತದೆ. ಮಾಮೂಲಿ ಡಿಎಸ್‌ಎಲ್‌ಆರ್‌ನಲ್ಲಿ ಕೊನೆಯದು ಸಿಗದು. ಸೆನ್ಸರಿನ ಮೇಲಿನ ಫಿಲ್ಟರ್ ಆ ಬೆಳಕನ್ನೇ ತಡೆಯುತ್ತದೆ. ಮೊದಲು ಆರ್ದ್ರಾ ನಕ್ಷತ್ರದ ಮೇಲೆ ಕೈ ಪಳಗಿಸಿ. ಅದು ದೈತ್ಯ, ಆದರೆ ಪಟ್ಟಿಗಳು ಅವೇ, ಬೆಳಕು ಧಾರಾಳ. ತರಂಗದೂರದ ಅಳತೆಗೋಲನ್ನು ಲುಬ್ಧಕದ ಹೈಡ್ರೋಜನ್ ಗೆರೆಗಳಿಂದ (4,861 ಮತ್ತು 6,563) ಕಟ್ಟಿಕೊಳ್ಳಿ.

ಇವುಗಳ ಸುತ್ತಲಿನ ಗ್ರಹ ಹಿಡಿಯಬಹುದೇ?

ಗ್ರಹ ನಕ್ಷತ್ರದ ಮುಂದೆ ಹಾಯುವಾಗ ಆಗುವ ಮಂಕನ್ನು ಹಿಡಿಯಬಹುದು. ನಕ್ಷತ್ರ ಚಿಕ್ಕದಾದಷ್ಟು ಮಂಕು ಹೆಚ್ಚು. ಭೂಮಿಯಷ್ಟು ಗ್ರಹ ಸೂರ್ಯನ ಮುಂದೆ ಹಾದರೆ ಬೆಳಕು ಶೇ 0.008ರಷ್ಟು ಕುಗ್ಗುತ್ತದೆ. ಸೂರ್ಯನ ಶೇ 12ರಷ್ಟು ಅಗಲದ ಟ್ರಾಪಿಸ್ಟ್-1 ಎಂಬ ಕೆಂಪು ಕುಬ್ಜದ ಮುಂದೆ ಹಾದರೆ ಶೇ 0.6. ಆದರೆ ಟ್ರಾಪಿಸ್ಟ್-1ರ ಕಾಂತಿಮಾನ 18.8, ಅದಕ್ಕೆ ಕೈ ಹಾಕಬೇಡಿ. ಜಿಜೆ 1214 ನಕ್ಷತ್ರದ ಗ್ರಹ ಜಿಜೆ 1214 ಬಿ ಹಿಡಿಯಿರಿ. ಅದೂ ಉರಗಧರದಲ್ಲೇ ಇದೆ. 2009ರಲ್ಲಿ ಕಂಡುಹಿಡಿದದ್ದು ಬರೀ 40 ಸೆಂ.ಮೀ ಟೆಲಿಸ್ಕೋಪುಗಳಿಂದ. 1.58 ದಿನಕ್ಕೊಮ್ಮೆ ಹಾಯುತ್ತದೆ, ಸುಮಾರು 52 ನಿಮಿಷ ಬೆಳಕು ಶೇ 1.4ರಷ್ಟು ಕುಗ್ಗುತ್ತದೆ. ಹಳದಿ-ಹಸಿರು ಬೆಳಕಿನಲ್ಲಿ ನಕ್ಷತ್ರದ ಕಾಂತಿಮಾನ 14.7 ಇದ್ದರೂ ಐ ಫಿಲ್ಟರ್‌ನಲ್ಲಿ ಎಷ್ಟೋ ಬೆಳಗುತ್ತದೆ. 8 ಇಂಚು ಕಷ್ಟ, 12 ಇಂಚು ಹಿತ. ಹಾಯುವ ಮೊದಲು ಮತ್ತು ಆದ ಮೇಲೆ ತಲಾ 45 ನಿಮಿಷ ತೆಗೆಯದಿದ್ದರೆ ಎಷ್ಟು ಕುಗ್ಗಿತೆಂದು ಹೇಳಲು ಆಧಾರವೇ ಇರುವುದಿಲ್ಲ.

ಟೆಲಿಸ್ಕೋಪ್ ಇಲ್ಲ, ಲ್ಯಾಪ್‌ಟಾಪ್ ಇದೆ. ಏನಾದರೂ ಮಾಡಬಹುದೇ?

ಟೆಲಿಸ್ಕೋಪ್ ಇರುವವರಿಗಿಂತ ಹೆಚ್ಚು ಮಾಡಬಹುದು. ಯುರೋಪಿನ ಗಾಯಾ ನೌಕೆ 2025ರ ಜನವರಿಯವರೆಗೆ ಅಳೆದ ನಕ್ಷತ್ರಗಳ ಪಟ್ಟಿಗಳಲ್ಲಿ 2022ರ ಜೂನ್‌ನಲ್ಲಿ ಬಂದ ಮೂರನೆಯ ಬಿಡುಗಡೆ ಪೂರ್ತಿ ಪುಕ್ಕಟೆ. ಅದರ ಕಣಜದಲ್ಲಿ ಪ್ಯಾರಲಾಕ್ಸ್ 100 ಮಿಲಿ ಆರ್ಕ್‌ಸೆಕೆಂಡಿಗಿಂತ ಹೆಚ್ಚಿರುವವನ್ನು ಕೇಳಿ, 32.6 ಜ್ಯೋತಿರ್ವರ್ಷದೊಳಗಿನ ನೆರೆಹೊರೆಯ ಬಹುಪಾಲು ಬರುತ್ತದೆ. 326 ಜ್ಯೋತಿರ್ವರ್ಷಕ್ಕೆ ಹಿಗ್ಗಿಸಿದ 2021ರ ಗಾಯಾ ಪಟ್ಟಿಯಲ್ಲಿ 3,31,312 ವಸ್ತುಗಳಿವೆ. ಕಾಂತಿಮಾನದಿಂದ 10 ಕಳೆದು, ಪ್ಯಾರಲಾಕ್ಸಿನ (ಮಿಲಿ ಆರ್ಕ್‌ಸೆಕೆಂಡಿನಲ್ಲಿ) ಲಾಗರಿದಮ್ಮಿನ ಐದು ಪಟ್ಟು ಕೂಡಿಸಿದರೆ ನಿಜ ಕಾಂತಿಮಾನ (ಎಲ್ಲ ನಕ್ಷತ್ರಗಳನ್ನೂ ಒಂದೇ ದೂರದಲ್ಲಿಟ್ಟರೆ ಕಾಣುವ ಬೆಳಕು) ಸಿಗುತ್ತದೆ. ಬರ್ನಾರ್ಡ್‌ಗೆ ಹಾಕಿ ನೋಡಿ: 9.5, ಪ್ಯಾರಲಾಕ್ಸ್ 547 (ಮೇಲೆ ಹೇಳಿದ 1.09ರ ತೂಗಿನ ಅರ್ಧ), ಉತ್ತರ 13.2. ಬಣ್ಣದ ಎದುರು ಇದನ್ನು ಗೆರೆ ಹಾಕಿದರೆ ಕೆಂಪು ಕುಬ್ಜಗಳು ಬಲಗಡೆ ಕೆಳಗೆ ದಟ್ಟ ಬಾಲವಾಗಿ ಇಳಿಯುತ್ತವೆ.

ಅಳತೆಯ ಗುಣ ತೋರಿಸುವ ಆರ್‌ಯುಡಬ್ಲ್ಯುಇ ಎಂಬ ಅಂಕಿ 1.4 ದಾಟಿದವನ್ನು ಕಣ್ಣು ಮುಚ್ಚಿ ತೆಗೆದುಹಾಕುವುದು ಎಲ್ಲರೂ ಮಾಡುವ ತಪ್ಪು. ಕೆಟ್ಟ ಅಳತೆಯ ಜೊತೆಗೆ ಜೋಡಿ ನಕ್ಷತ್ರಗಳೂ ಹೊರಬೀಳುತ್ತವೆ. ಬೇರೆ ಬಣ್ಣದಲ್ಲಿ ಗುರುತು ಹಾಕಿ ಇಟ್ಟುಕೊಳ್ಳಿ.

ಜ್ವಾಲೆ ನೋಡಬೇಕೆಂದರೆ ನಕ್ಷತ್ರಗಳ ಬೆಳಕಿನ ಏರಿಳಿತ ಅಳೆಯುವ ಟೆಸ್ ನೌಕೆಯ ದತ್ತಾಂಶವನ್ನು ಪೈಥಾನಿನ ಲೈಟ್‌ಕರ್ವ್ ಪ್ಯಾಕೇಜಿನಿಂದ ಇಳಿಸಿಕೊಳ್ಳಿ. ಎಡಿ ಲಿಯೋನಿಸ್‌ನದು ವಾರಗಟ್ಟಲೆ ಹೆಚ್ಚುಕಡಿಮೆ ಎಡೆಬಿಡದೆ ಸಿಗುತ್ತದೆ. ಟೆಸ್‌ನ ಒಂದು ಪಿಕ್ಸೆಲ್ 21 ಆರ್ಕ್‌ಸೆಕೆಂಡ್ ಅಗಲ. ಪಕ್ಕದ ನಕ್ಷತ್ರದ ಬೆಳಕು ಬೆರೆತಿದೆಯೇ ನೋಡಿಕೊಳ್ಳಿ.

ಸೂರ್ಯನಿಗೆ ಕಾಣದ ಜೋಡಿ ನಕ್ಷತ್ರವಿದೆ ಎನ್ನುವ ವಿಡಿಯೋಗಳು ಬರುತ್ತಲೇ ಇವೆ.

ಇಲ್ಲ. ವೈಸ್ ಎಂಬ ಅವಕೆಂಪು ನೌಕೆ ಇಡೀ ಆಕಾಶವನ್ನು ಜಾಲಾಡಿದ ಮೇಲೆ, 2014ರ ಲೆಕ್ಕದ ಪ್ರಕಾರ, ಸೂರ್ಯ-ಭೂಮಿ ಅಂತರದ 26,000 ಪಟ್ಟು ದೂರದವರೆಗೆ ಗುರುವಿನಷ್ಟು ದೊಡ್ಡದಾದುದೂ ಸಿಗಲಿಲ್ಲ. ಅದೇ ದತ್ತಾಂಶದಲ್ಲಿ ಖಗೋಳಜ್ಞ ಕೆವಿನ್ ಲೂಮನ್ 2013ರಲ್ಲಿ 6.5 ಜ್ಯೋತಿರ್ವರ್ಷದ ಜೋಡಿ ಕಂದು ಕುಬ್ಜಗಳನ್ನು ಕಂಡರು. ಮುಂದಿನ ವರ್ಷ 7.4 ಜ್ಯೋತಿರ್ವರ್ಷದಲ್ಲಿ ಹೆಚ್ಚುಕಡಿಮೆ ಮಂಜುಗಡ್ಡೆಯಷ್ಟೇ ತಣ್ಣಗಿನ ಇನ್ನೊಂದನ್ನು.

ಸಮಯವನ್ನು ಹೇಗೆ ಬರೆದಿಡಬೇಕು? ಅಳತೆ ಎಲ್ಲಿಗೆ ಕಳಿಸಬೇಕು?

ಲ್ಯಾಪ್‌ಟಾಪಿನ ಗಡಿಯಾರವನ್ನು ಶುರು ಮಾಡುವ ಮೊದಲು ಇಂಟರ್‌ನೆಟ್ ಸಮಯಕ್ಕೆ ಹೊಂದಿಸಿ. ಡಿಎಸ್‌ಎಲ್‌ಆರ್‌ನ ಒಳಗಡಿಯಾರ ವಾರಕ್ಕೆ ಹಲವು ಸೆಕೆಂಡ್ ತಪ್ಪುತ್ತದೆ. ಎಲ್ಲವನ್ನೂ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಬರೆಯಿರಿ: ನಮ್ಮ ಗಡಿಯಾರದಿಂದ 5 ಗಂಟೆ 30 ನಿಮಿಷ ಕಳೆಯಿರಿ. ನಡುರಾತ್ರಿಯಿಂದ ಬೆಳಗಿನ ಐದೂವರೆಯವರೆಗೆ ಯುಟಿಸಿಯಲ್ಲಿ ದಿನಾಂಕ ಇನ್ನೂ ಹಿಂದಿನದೇ. ಬರ್ನಾರ್ಡ್‌ನ ಬೆಳಗಿನ ಜಾವದ ಚಿತ್ರಗಳಲ್ಲಿ ಹೆಚ್ಚು ತಪ್ಪುವುದು ಇದೇ. ವಿಜಯಪುರ ಭಾರತೀಯ ಸಮಯದ ರೇಖೆಗಿಂತ ಪಶ್ಚಿಮದಲ್ಲಿರುವುದರಿಂದ ನಕ್ಷತ್ರಗಳು ದಕ್ಷಿಣೋತ್ತರ ರೇಖೆಗೆ ಗಡಿಯಾರಕ್ಕಿಂತ 27 ನಿಮಿಷ ತಡವಾಗಿ ಬರುತ್ತವೆ, ಬೆಳಗಾವಿಯಲ್ಲಿ 32. ಮೇಲೆ ಕೊಟ್ಟ ಹೊತ್ತುಗಳಲ್ಲಿ ವಿಜಯಪುರದ ಈ ವ್ಯತ್ಯಾಸ ಸೇರಿದೆ. ಗ್ರಹದ ಹಾಯುವಿಕೆಗೆ ಸೂರ್ಯಮಂಡಲದ ಗುರುತ್ವಕೇಂದ್ರದ ಜೂಲಿಯನ್ ದಿನ (ದಿನಗಳನ್ನು ಒಂದೇ ಸರಣಿಯಲ್ಲಿ ಎಣಿಸುವ ಲೆಕ್ಕ) ಬೇಕು. ಭೂಮಿಯ ಸ್ಥಾನಕ್ಕೆ ತಕ್ಕಂತೆ 8 ನಿಮಿಷದವರೆಗೂ ವ್ಯತ್ಯಾಸ ಬರುತ್ತದೆ, ಆಸ್ಟ್ರೋಇಮೇಜ್‌ಜೆ ತಂತ್ರಾಂಶ ತಾನೇ ಲೆಕ್ಕ ಹಾಕುತ್ತದೆ.

ಬೆಳಕಿನ ಅಳತೆಗಳನ್ನು ಎಎವಿಎಸ್‌ಒಗೆ ಕಳಿಸಿ. 1911ರಿಂದ ಹವ್ಯಾಸಿಗಳ ಅಳತೆ ಕೂಡಿಡುವ ಅಮೆರಿಕದ ಸಂಸ್ಥೆ ಅದು, ವೀಕ್ಷಕರ ಸಂಕೇತ ಪುಕ್ಕಟೆ ಕೊಡುತ್ತದೆ. ಯಾವ ಫಿಲ್ಟರ್, ಯಾವ ಹೋಲಿಕೆ ನಕ್ಷತ್ರ, ಎಷ್ಟು ತಪ್ಪಿನ ಗಾತ್ರ ಎಂಬ ಮೂರು ಕಾಲಂಗಳು ಖಾಲಿ ಇದ್ದ ಅಳತೆಯನ್ನು ಆಮೇಲೆ ಯಾರೂ ಬಳಸಲಾರರು. ಮೂಲ ಚಿತ್ರಗಳನ್ನು ಅಳಿಸಬೇಡಿ, ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಇಡಿ.